ಬೀಗ ತೊಲಗಿದ ಮಧ್ಯಾಹ್ನ

ಲಾಕ್‌ಡೌನ್ ಎಂಬ ಮಾತು ನಾಲಿಗೆಯಲ್ಲಿ ಹೊರಳದೆ, ಆ ಬೀದಿಯವರೆಲ್ಲ ಅದನ್ನು ಸಲೀಸಾಗಿ ‘ಬೀಗ’ ಎನ್ನತೊಡಗಿದ್ದರು. ಟೈಲರನ ಗ್ರಹಚಾರ ಕೆಟ್ಟಿದ್ದು ಅಲ್ಲೇ. ಅವನ ಮನೆಯೊಳಗೂ ಒಬ್ಬರು ಬೀಗರಿದ್ದರು, ಮಗಳ ಮಾವ. ಎರಡು ದಿನಕ್ಕೆಂದು ಬಂದವರು ಬಸ್ಸು ನಿಂತು ಐವತ್ತು ದಿನದಿಂದ ಅಲ್ಲೇ ಉಳಿದಿದ್ದರು.

ಅಂಗಡಿ ಮುಚ್ಚಿದ್ದರಿಂದ ಟೈಲರ್ ಮನೆಯಲ್ಲೇ ಮಾಸ್ಕ್ ಹೊಲಿಯುತ್ತಿದ್ದ. ಔಷಧಿ ಅಂಗಡಿಯವರು ಐನೂರು ಮಾಸ್ಕ್ ಕೇಳಿದ್ದರು. ನಾಳೆಯೊಳಗೆ ಕೊಡದಿದ್ದರೆ ಆರ್ಡರು ಬೇರೆಯವರ ಪಾಲು, ಮನೆಗೆ ಉಪವಾಸ. ಆದರೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೀಗರು ಮಲಗಿದ್ದರು. ನೆಲದಲ್ಲಿ ಮಲಗಿದರೆ ಅವರಿಗೆ ಸೊಂಟ ಹಿಡಿಯುತ್ತದಂತೆ. ಅವರ ಪಾದದ ಪಕ್ಕದ ಗೇಣಗಲ ಜಾಗದಲ್ಲಿ ಟೈಲರ್ ನಿನ್ನೆಯಿಡೀ ಕತ್ತರಿಸಿದ್ದು ಹನ್ನೆರಡೇ ಮಾಸ್ಕ್.

“ಇದು ಇನ್ನೂ ಆರು ತಿಂಗಳು ಅಂತಿಟ್ಕೊಳ್ಳಿ ಬೀಗ್ರೇ. ದೇಶದ ಆರ್ಥಿಕತೆ ಮಕಾಡೆ ಮಲಗಿದೆ,” ಎಂದರು ಬೀಗರು, ಮಗ್ಗುಲು ಬದಲಿಸುತ್ತಾ.

ದೇಶದ್ದು ಹೇಗೋ, ಟೈಲರನ ಆರ್ಥಿಕತೆಯಂತೂ ಅವರ ಕೆಳಗೇ ಸಿಕ್ಕಿಕೊಂಡಿತ್ತು.

ಅಷ್ಟರಲ್ಲಿ, ಮೂರು ವಾರ ಅಲೆದದ್ದಕ್ಕೆ ಫಲ ಸಿಕ್ಕಿತು. ಬೀಗರು ಊರಿಗೆ ಹೋಗಲು ಪೊಲೀಸರ ಪಾಸ್ ಬಂತು. ಟೈಲರ್ ಅದನ್ನು ಅವರ ಕೈಗಿತ್ತು, ಕಾರಿಗೆ ಹೇಳಿ, ಹಿತ್ತಲಿಗೆ ಓಡಿದ. ಹೆಂಡತಿಯ ಕಿವಿಯಲ್ಲಿ ಪಿಸುಗುಡಲು ಹೋದದ್ದು ಖುಷಿಗೆ ಕೂಗಾಗಿ ಹೊರಬಿತ್ತು.

“ಬೀಗ ತೊಲಗೋದು ಇವತ್ತು ಮಧ್ಯಾಹ್ನಾನೇ ಕಣೇ! ಪೊಲೀಸ್ರೇ ಕಾಗದ ಕೊಟ್ಟಿದ್ದಾರೆ!”

ಗೋಡೆಯಾಚೆ ಕ್ಷೌರದಂಗಡಿಯವನು ಹತ್ತು ಗಂಟೆಗೆ ಹಲ್ಲುಜ್ಜುತ್ತಿದ್ದ. ಬೇರೆ ಕೆಲಸವಾದರೂ ಏನಿತ್ತು? ಬಾಯಿಯ ನೊರೆ ಉಗುಳುವಷ್ಟೂ ತಾಳ್ಮೆಯಿಲ್ಲದೆ ಸುದ್ದಿ ಸಾರಲು ಬೀದಿಗೆ ಓಡಿದ.

ಹನ್ನೆರಡಕ್ಕೆಲ್ಲ ಅವನ ಅಂಗಡಿಯ ಮುಂದೆ ಕೂದಲು ಕಿವಿ ಮುಚ್ಚಿದ ಇಪ್ಪತ್ತು ಜನ ನಿಂತಿದ್ದರು. ಪಾತ್ರೆ ಅಂಗಡಿಯವನು ರಸ್ತೆ ತುಂಬ ಪಾತ್ರೆ ಹರಡಿದ. ಬ್ಯಾಂಡಿನವರು ಯಾರೂ ಕರೆಯದೆಯೇ ಬಂದು, ಐವತ್ತು ದಿನದಿಂದ ಒಳಗೇ ಉಳಿದಿದ್ದ ಗಾಳಿಯನ್ನೆಲ್ಲ ಒಮ್ಮೆಲೇ ಊದಿದರು. ಆ ಸದ್ದಿಗೆ ಪೊಲೀಸ್ ಜೀಪು ಬಂತು.

“ಬೀಗ ತೊಲಗುತ್ತೆ ಅಂದೋನು ಯಾವನು?” ಇನ್ಸ್‌ಪೆಕ್ಟರ್ ಗುಡುಗಿದರು.

ಬೀದಿಯ ಕೈಗಳೆಲ್ಲ ಟೈಲರನ ಕಡೆ ತಿರುಗಿದವು.

“ಸ್ವಾಮಿ, ನಾನು ಹೇಳಿದ್ದು ಈ ಬೀಗ ಅಲ್ಲ...”

“ಮತ್ತೆ ಯಾವ ಬೀಗ?”

ಟೈಲರ್ ಹಿಂದೆ ನೋಡಿದ. ಬಾಗಿಲಲ್ಲಿ ಬೀಗರು ಕಿವಿ ನಿಮಿರಿಸಿ ನಿಂತಿದ್ದರು. ನಿಜ ಹೇಳಿದರೆ ಮಗಳ ಸಂಸಾರಕ್ಕೆ ಕುತ್ತು. ಪಾಪ, ಅವನು ಕೈ ಮುಗಿದ.

“ಇದೇ ಬೀಗ ಸ್ವಾಮಿ. ತಪ್ಪಾಯ್ತು.”

ಇನ್ಸ್‌ಪೆಕ್ಟರ್ ಬೀದಿಯ ಎರಡೂ ತುದಿಗೆ ತಡೆಗೋಡೆ ಹಾಕಿಸಿದರು. “ಇನ್ನು ಇಪ್ಪತ್ತೆಂಟು ದಿನ ಪಾಸ್ ಇಲ್ದೆ ಒಂದು ನರಪಿಳ್ಳೇನೂ ಹೊರಗೆ ಹೋಗಕೂಡ್ದು!”

ಪಾಸ್ ಎಂದದ್ದೇ ತಡ, ಟೈಲರನಿಗೆ ಹೋದ ಜೀವ ಬಂದಂತಾಯಿತು. “ಬೀಗ್ರೇ, ಬೇಗ ಹೊರಡಿ! ಎಲ್ಲಿ ಪಾಸು?”

“ಹರಿದು ಹಾಕ್ದೆ. ಕಾರೂ ಬೇಡ ಅಂದೆ,” ಎಂದರು ಬೀಗರು. “ಬೀಗಾನೇ ತೊಲಗೋದು ಅಂತ ಹಿತ್ತಲಲ್ಲಿ ನೀವು ಕೂಗಿದ್ದು ಕೇಳಿಸ್ತು. ಆರಾಮಾಗಿ ಬಸ್ಸಲ್ಲೇ ಹೋದ್ರಾಯ್ತು ಅನ್ಕೊಂಡೆ. ನಿಮ್ಮ ಮಾತು ಅಂದ್ರೆ ನಂಗೆ ಅಷ್ಟು ನಂಬಿಕೆ!”

ಅವರು ಒಳಗೆ ಹೋಗಿ, ಮೇಜಿನ ಮೇಲಿದ್ದ ಹನ್ನೆರಡು ಮಾಸ್ಕುಗಳನ್ನು ಒಟ್ಟು ಮಾಡಿ ತಲೆದಿಂಬಿನ ಕೆಳಗೆ ಒತ್ತಿಟ್ಟುಕೊಂಡು ಮಲಗಿದರು.