ಬೀಗಿತ್ತಿಯ ಸೀನರಿ

ನಮ್ಮ ಬೀಗಿತ್ತಿ ಜರ್ಮನಿಗೆ ಬಂದದ್ದು ಸೊಸೆಯ ಬಾಣಂತನಕ್ಕೆ ಎಂದು ನೀವು ನಂಬುವುದಾದರೆ, ಅವರಿಗೆ ವೀಸಾ ಕೊಟ್ಟ ಆಫೀಸರಷ್ಟೇ ಅಮಾಯಕರು ನೀವು! ಅರ್ಜಿಯಲ್ಲಿ ಹಾಗೇ ಬರೆದಿತ್ತು, ನಿಜ. ಆದರೆ ಆ ಮೂರು ತಿಂಗಳಲ್ಲಿ ಅವರು ಮೊಮ್ಮಗನ ಮುಖ ನೋಡಿದ್ದಕ್ಕಿಂತ ಆಕಾಶದ ಮುಖ ನೋಡಿದ್ದೇ ಹೆಚ್ಚು. ಆಕಾಶಕ್ಕೆ ದೃಷ್ಟಿ ತಗುಲದೆ ಉಳಿದದ್ದು ಅದರ ಪುಣ್ಯ.

ಅದು ಗ್ರೀನ್ ಕಾರ್ಡಿನ ಕಾಲ. ಗ್ರೀನ್ ಕಾರ್ಡ್ ಎಂದರೆ ಅಮೆರಿಕದ್ದು ಎಂದೇ ತಿಳಿದಿದ್ದ ನಮ್ಮ ಮೈಸೂರಿನ ನೆಂಟರಿಗೆ, ಜರ್ಮನಿಯಲ್ಲೂ ಒಂದು ಉಂಟು, ಕಂಪ್ಯೂಟರ್ ಓದಿದವರಿಗೆ ಕೊಡುತ್ತಾರೆ ಎಂದು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿತ್ತು. ಕಾರ್ಡು ಸಿಕ್ಕಿದ್ದು ನನ್ನ ಮಗಳಿಗೆ. ಅಳಿಯ ಗದಗಿನವರು, ಕಾರಿನ ಬಿಡಿಭಾಗ ಮಾಡುವ ಕಡೆ ಇಂಜಿನಿಯರ್. ಮನೆ ರೇಗನ್ಸ್‌ಬರ್ಗಿನಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಚೊಚ್ಚಲ ಬಾಣಂತನ ತವರಿನವರ ಡಿಪಾರ್ಟ್‌ಮೆಂಟು ತಾನೇ? ಡಿಸೆಂಬರಿನಲ್ಲೇ ಹೋಗಿ ಅಡುಗೆಮನೆಯ ಚಾರ್ಜ್ ತೆಗೆದುಕೊಂಡಿದ್ದೆ. ವಾರ ಕಳೆಯುವುದರೊಳಗೆ ಅಳಿಯನ ತಾಯಿಯೂ ಬಂದಿಳಿದರು. ಇಳಕಲ್ ಸೀರೆ, ಅದರ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಎರಡೆರಡು ಕಾಲುಚೀಲ, ಎದೆಗೆ ಅವಚಿಕೊಂಡ ಒಂದು ಅಲ್ಯೂಮಿನಿಯಂ ಡಬ್ಬಿ. ಅಂಟಿನುಂಡೆ ಇರಬೇಕು, ಪಾಪ, ಸೊಸೆಗೆಂದು ಎಷ್ಟು ಜೋಪಾನವಾಗಿ ತಂದಿದ್ದಾರೆ ಎಂದು ನನ್ನ ಕಣ್ಣು ತುಂಬಿತು. ಮುಚ್ಚಳ ತೆಗೆದರೆ ಒಳಗೆ ಕ್ಯಾಮೆರಾ! ಅಂಟಿನುಂಡೆ ಬಂದಿತ್ತು, ಸೂಟ್‌ಕೇಸಿನ ತಳದಲ್ಲಿ ಪುಡಿಪುಡಿಯಾಗಿ.

ಆ ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳಲೇಬೇಕು. ಕಪ್ಪು ಪೆಟ್ಟಿಗೆ, ಒಂದರ ಮೇಲೊಂದು ಎರಡು ಕಣ್ಣು. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನ ಕಣ್ಣು ಫೋಟೋ ತೆಗೆಯುವುದಕ್ಕೆ. ಎದೆಯ ಹತ್ತಿರ ಹಿಡಿದು, ಬಾವಿಯಲ್ಲಿ ಇಣುಕಿದ ಹಾಗೆ ಮೇಲಿನಿಂದ ಬಗ್ಗಿ ನೋಡಬೇಕು. ಎಡಕ್ಕಿರುವುದು ಬಲಕ್ಕೆ ಕಾಣುತ್ತದೆ, ಬಲಕ್ಕಿರುವುದು ಎಡಕ್ಕೆ. ಒಂದು ರೋಲಿಗೆ ಹನ್ನೆರಡೇ ಫೋಟೋ. ಬೀಗಿತ್ತಿಯ ಯಜಮಾನರದು ಗದಗಿನಲ್ಲಿ ಫೋಟೋ ಸ್ಟುಡಿಯೋ. ಅವರು ತೀರಿಕೊಂಡ ಮೇಲೆ ಈಕೆಯೇ ಅದನ್ನು ನಡೆಸಿದವರು. ಊರಿನ ಅರ್ಧ ಮದುಮಕ್ಕಳ ಗದ್ದ ಹಿಡಿದು ನೇರ ಮಾಡಿದ ಕೈ ಅದು.

ಆ ಕೈ ಜರ್ಮನಿಗೆ ಬಂದ ಮೇಲೆ ಸುಮ್ಮನಿರುತ್ತದೆಯೇ?

ನಮ್ಮ ಕಟ್ಟಡಕ್ಕೊಬ್ಬ ಹೌಸ್‌ಮೈಸ್ಟರ್ ಇದ್ದ, ಅಂದರೆ ಉಸ್ತುವಾರಿಯವನು. ತಪ್ಪು ಕಸದತೊಟ್ಟಿಗೆ ಕಾಗದ ಹಾಕಿದರೆ ಅದನ್ನು ಎತ್ತಿಕೊಂಡು ಬಂದು ಬಾಗಿಲ ಮುಂದೆ ಇಟ್ಟು ಹೋಗುವ ಜಾತಿ. ಒಂದು ಮಧ್ಯಾಹ್ನ ನಾವು ಒಣಶುಂಠಿ ಕುಟ್ಟುತ್ತಿದ್ದಾಗ ಬಂದು ಬೆಲ್ ಒತ್ತಿದ. ಒಂದರಿಂದ ಮೂರು ಗಂಟೆ ಸದ್ದು ಮಾಡುವಂತಿಲ್ಲ, ರೂಲ್ಸ್ ಉಂಟು ಎಂದು ಕೆಂಪಗಾಗಿ ಹೇಳುತ್ತಿದ್ದಾನೆ. ನಾನು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಸಾರಿ ಮೇಲೆ ಸಾರಿ ಹೇಳುತ್ತಿದ್ದೇನೆ. ಬೀಗಿತ್ತಿ ಮಾತ್ರ ತಲೆ ಓರೆ ಮಾಡಿ ಅವನನ್ನೇ ನೋಡುತ್ತಿದ್ದಾರೆ.

"ಎಂಥಾ ಮೂಗು ಐತಿ ನೋಡ್ರಿ ಬೀಗರ. ಇದಕ್ಕ ಕಿಡಕಿ ಬೆಳಕ ಬೀಳಬೇಕ್ರಿ."

ನಾನು ಬೇಡ ಎನ್ನುವುದರೊಳಗೆ ಅವನನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಹೌದು ಸ್ವಾಮಿ, ಆ ಆರಡಿ ಜರ್ಮನ್ನನ ಗದ್ದ ಹಿಡಿದು, ಎಡಕ್ಕೆ ತಿರುಗಿಸಿ, ಕೆಳಗೆ ಮಾಡಿ, "ಅಲಗಾಡಬ್ಯಾಡ್ರಿ" ಎಂದು ಅಪ್ಪಣೆ ಕೊಡಿಸಿದರು. ನಮ್ಮ ಕಾನ್ವೆಂಟಿನಲ್ಲಿ ಗಂಡಸರೊಂದಿಗೆ ಶೇಕ್‌ಹ್ಯಾಂಡಿಗೂ ಪರ್ಮಿಷನ್ ಇರಲಿಲ್ಲ. ಐ ನಿಯರ್ಲಿ ಡೈಡ್! ಅವನು ಪೊಲೀಸರನ್ನು ಕರೆಯುತ್ತಾನೆ ಎಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ ಮತ್ತೆ ಬೆಲ್ಲು. ತಲೆ ಬಾಚಿ, ಟೈ ಕಟ್ಟಿ, ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಆಮೇಲೆ ನಾವು ಮೂರು ತಿಂಗಳು ಯಾವ ಹೊತ್ತಿನಲ್ಲಿ ಏನು ಕುಟ್ಟಿದರೂ ಕೇಳಿದವರಿಲ್ಲ.

ಇನ್ನೊಂದು ದಿನ ಡಾನ್ಯೂಬ್ ನದಿಯ ಹಳೇ ಕಲ್ಲುಸೇತುವೆಗೆ ಹೋಗಿದ್ದೆವು. ಮಂಜು ಮುಸುಕಿತ್ತು. ನಾಲ್ಕೈದು ಜನ ಮೂರುಕಾಲಿನ ಸ್ಟ್ಯಾಂಡ್ ನೆಟ್ಟು, ಮಂಜಿನ ಹಿಂದಿನಿಂದ ಬಿಸಿಲು ಬರುವುದನ್ನು ಕೊಕ್ಕರೆಗಳ ಹಾಗೆ ಕಾಯುತ್ತಿದ್ದರು. ಉತ್ತರದ ದೇಶಗಳಲ್ಲಿ ಬೆಳಕಿಗೆ ಅಷ್ಟು ಬೆಲೆ. ನಮ್ಮಲ್ಲಿ ಸೂರ್ಯ ಮುಳುಗುವುದು ಕೊಡ ಬಾವಿಗೆ ಬಿದ್ದ ಹಾಗೆ, ದುಡುಂ ಎಂದು. ಇಲ್ಲಿ ಅಡ್ಡಡ್ಡ ಜಾರುತ್ತಾನೆ, ತವರಿನಿಂದ ಹೊರಟ ಹೆಣ್ಣುಮಗಳು ಬಾಗಿಲಲ್ಲಿ ನಿಂತೇ ಇನ್ನೊಂದು ಗಂಟೆ ಮಾತಾಡಿದ ಹಾಗೆ. ಬೀಗಿತ್ತಿ ನೆಟ್ಟಗೆ ಹೋಗಿ ಅವರ ಕ್ಯಾಮೆರಾಗಳ ಎದುರಿಗೇ ನಿಂತರು. ಕೆಂಪು ಟೋಪಿಯ ಒಬ್ಬ ಬಹಳ ಮರ್ಯಾದೆಯಿಂದ, ತಾಯಿಯವರು ಒಂಚೂರು ಪಕ್ಕಕ್ಕೆ ಬರಬಹುದೇ, ಚಿತ್ರದಲ್ಲಿ ಜನ ಇರಬಾರದು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ.

"ಮಂದಿ ಇಲ್ಲದ ಸೀನರಿ ತಗೊಂಡು ಏನ್ಮಾಡ್ತಾನಂತ್ರಿ ಅಂವ? ಸೀನರಿ ಇರೂದ ಮಂದಿ ನಿಲ್ಲಾಕ. ಯಾರೂ ನಿಲ್ಲದ ಸೀನರಿ ನಾವು ಸುತ್ತಿ ಮೂಲ್ಯಾಗ ಇಡ್ತೀವಿ ಅಂತ ಹೇಳ್ರಿ."

ಅವರ ಸ್ಟುಡಿಯೋದಲ್ಲಿ ಬಣ್ಣದ ಪರದೆಗೆ ಸೀನರಿ ಎನ್ನುತ್ತಿದ್ದರು. ಈಗ ಇಡೀ ಜರ್ಮನಿಯೇ ಅವರ ಪಾಲಿಗೊಂದು ಪರದೆ. ಇದನ್ನೆಲ್ಲ ನಾನು ಇಂಗ್ಲಿಷಿಗೆ ತಿರುಗಿಸಿದ್ದು ಹೀಗೆ: "ಶಿ ಸೇಸ್ ಇಟ್ ಈಸ್ ಎ ಲವ್ಲಿ ಮಾರ್ನಿಂಗ್." ಅವನು ನಕ್ಕ. ನಕ್ಕದ್ದೇ ಒಪ್ಪಿಗೆ ಎಂದು ತಿಳಿದು, ಅವನನ್ನೇ ಸೇತುವೆಯ ಗೋಡೆಗೆ ಒರಗಿಸಿ, ಟೋಪಿ ಸರಿಮಾಡಿ ಒಂದು ಫೋಟೋ ತೆಗೆದೇಬಿಟ್ಟರು. ಅಷ್ಟರಲ್ಲಿ ಬಿಸಿಲು ಬಂದು, ಹೋಗಿ, ಆಗಿತ್ತು.

ನನಗೆ ರೇಗಿತ್ತು. ಮನೆಯಲ್ಲಿ ತುಂಬು ಬಸುರಿ. ಈಕೆ ಊರವರ ಗದ್ದ ಹಿಡಿದುಕೊಂಡು ತಿರುಗುತ್ತಾರೆ. ಸಂಜೆ ಪುಡಿಯಾದ ಅಂಟಿನುಂಡೆಗಳನ್ನು ಮತ್ತೆ ಕಟ್ಟುತ್ತಾ, ಸ್ವಲ್ಪ ಹುಳಿಯಾಗಿಯೇ ಕೇಳಿದೆ: ನಿಮಗೆ ಅಸಲಿಗೆ ಬೇಕಾದದ್ದಾದರೂ ಏನು?

ಆಗ ಹೇಳಿದರು. ಸ್ಟುಡಿಯೋದ ಆ ಸೀನರಿಯನ್ನು ಬರೆದದ್ದು ಅವರ ಯಜಮಾನರೇ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ನೋಡಿಕೊಂಡು ಸರೋವರ, ಅದರಾಚೆ ಹಿಮದ ಬೆಟ್ಟ, ಒಂದು ಹಂಸ. ಹುಬ್ಬಳ್ಳಿ ದಾಟಿ ಆಚೆ ಹೋದವರಲ್ಲ ಅವರು. ಡಬ್ಬಿಯಲ್ಲಿ ಇಲ್ಲದ್ದು ಎರಡೇ: ಬೆಟ್ಟದ ಹಿಂದೆ ಗುಲಾಬಿ ಆಕಾಶ, ಆ ಗುಲಾಬಿಯ ನಡುವೆ ತುಂಬು ಚಂದ್ರ. ಅದು ಅವರ ಸ್ವಂತದ್ದು. ಒಂದು ದಿನ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಫೋಟೋಕ್ಕೆ ಬಂದವರು, ಗಿರಾಕಿಗಳೆಲ್ಲರ ಎದುರಿಗೆ ಬೆರಳು ಮಾಡಿ ನಕ್ಕರಂತೆ. ಸೂರ್ಯನಿಲ್ಲದ ದಿಕ್ಕಿಗೆ ಕೆಂಪು ಎಲ್ಲಿಂದ ಬಂತು? ಸಂಜೆಗೆಂಪು ಇದ್ದರೆ ಚಂದ್ರ ಹೇಗೆ, ಚಂದ್ರ ಇದ್ದರೆ ಕೆಂಪು ಹೇಗೆ? ಇಂಥ ಆಕಾಶ ಯಾವ ದೇಶದಲ್ಲೂ ಇಲ್ಲ ಎಂದು ತೀರ್ಪು ಕೊಟ್ಟು ಹೋದರಂತೆ.

"ಅವತ್ತಿಂದ ಇವರು ಎತ್ತರದವರನ್ನ ಹುಡುಕಿ ಚಂದ್ರನ ಮುಂದ ನಿಲ್ಲಸತಿದ್ರಿ," ಎಂದರು ಬೀಗಿತ್ತಿ, ಉಂಡೆಯನ್ನು ಅಂಗೈಯಲ್ಲಿ ಹೊರಳಿಸುತ್ತಾ. "ತಲಿ ಅಡ್ಡ ಬಂದು ಚಂದ್ರ ಮುಚ್ಚಲಿ ಅಂತ."

ನೀವಿಬ್ಬರೂ ಒಂದು ಸಲವಾದರೂ ಸಂಜೆಯ ಆಕಾಶ ನೋಡಲಿಲ್ಲವೇ ಎಂದೆ. ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಆಕಾಶದ ಕೆಳಗಿದ್ದರೆ ನಾವಿಬ್ಬರು ಡಾರ್ಕ್‌ರೂಮಿನೊಳಗೆ ಇರುತ್ತಿದ್ದೆವು ಎಂದರು. ಎದ್ದು ಹೋಗಿ ಗೋಡೆಗೆ ನೇತುಹಾಕಿದ್ದ ನಮ್ಮ ಕನ್ನಡ ಕ್ಯಾಲೆಂಡರ್ ತಿರುವಿ ನೋಡಿದೆ. ಅವರ ವೀಸಾ ಮುಗಿಯುವುದರೊಳಗೆ ಹುಣ್ಣಿಮೆಗಳು ಮೂರು.

ಮೊದಲನೆಯದನ್ನು ಮಂಜು ನುಂಗಿತು. ರೇಗನ್ಸ್‌ಬರ್ಗಿನ ಮಂಜು ಎಂದರೆ ಎದುರುಮನೆಯೇ ಕಾಣದು, ಇನ್ನು ಚಂದ್ರನೆಲ್ಲಿ? ಎರಡನೆಯದಕ್ಕೆ ಆಕಾಶ ತೊಳೆದಿಟ್ಟ ಹಾಗಿತ್ತು. ಹಿಮಬೆಟ್ಟದ ಸರೋವರವೊಂದಕ್ಕೆ ಟಿಕೆಟ್ ಕೊಂಡಿದ್ದೆವು, ಚಪಾತಿ ಸುತ್ತಿದ್ದೆವು, ಅಳಿಯ ಬೂಟಿನ ಲೇಸ್ ಕಟ್ಟುತ್ತಿದ್ದರು. ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ಕೂತಳು! ಆಸ್ಪತ್ರೆಯ ಕಾರಿಡಾರಿನಲ್ಲಿ ಕಿಟಕಿಗಳೆಲ್ಲ ಪಶ್ಚಿಮಕ್ಕೆ. ಬೀಗಿತ್ತಿ ಒಮ್ಮೆ ಕಿಟಕಿ ನೋಡುವುದು, ಒಮ್ಮೆ ಹೆರಿಗೆ ಕೋಣೆಯ ಬಾಗಿಲು ನೋಡುವುದು. ನರ್ಸ್ ಮಗುವನ್ನು ತಂದು ಕೈಗಿಟ್ಟಾಗ, ಅಜ್ಜಿಯಾದವರು ಮೊದಲು ಮಾಡಿದ್ದೇನು ಗೊತ್ತೇ? ಮಗುವಿನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಮೂಗು ಅವರದ ಐತ್ರಿ" ಎಂದರು. ಹುಣ್ಣಿಮೆಯ ಸುದ್ದಿ ಎತ್ತಲಿಲ್ಲ. ಎತ್ತಲಿಲ್ಲವೆಂದೇ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯದು ಫೆಬ್ರವರಿಯ ಒಂದು ಶನಿವಾರ. ಮಗಳೇ ನಮ್ಮನ್ನು ಹೊರಡಿಸಿದಳು. ಮಗುವನ್ನು ನೋಡಿಕೊಳ್ಳಲು ಅದರಪ್ಪ ಇದ್ದಾರೆ, ಇಬ್ಬರಜ್ಜಿಯರೂ ಒಟ್ಟಿಗೆ ಹೋದರೆ ಮನೆಗೆ ಒಂದು ದಿನ ರಜ ಸಿಕ್ಕಿದಂತೆ ಎಂದಳು. ನಾವಿಬ್ಬರೇ, ಎರಡು ಟ್ರೇನು ಬದಲಿಸಿ, ಆಲ್ಪ್ಸ್ ಬುಡದ ಒಂದು ಸರೋವರಕ್ಕೆ. ಗದಗಿನಿಂದ ತಂದ ರೋಲುಗಳಲ್ಲಿ ಕೊನೆಯದು ಕ್ಯಾಮೆರಾದೊಳಗೆ. ಹನ್ನೆರಡೂ ಆ ಆಕಾಶಕ್ಕೇ ಎಂದು ದೇವರ ಮುಂದೆ ಹೇಳಿ ಹೊರಟಿದ್ದರು. ಮೊದಲ ಟ್ರೇನಿನಲ್ಲೇ ಟಿಕೆಟ್ ಕೇಳಲು ಬಂದ ಹುಡುಗಿಯ ಗುಂಗುರು ಕೂದಲಿಗೆ ಕಿಟಕಿಯ ಬಿಸಿಲು ಬಿತ್ತು. ಹೋಯಿತು ಒಂದು. ಹಿಮದಲ್ಲಿ ಜಾರುವ ಸ್ಕೀ ಪಟ್ಟಿ ಹೊತ್ತ ಅಣ್ಣತಂಗಿಗೆ ಎರಡು. ಸರೋವರದ ದಂಡೆಯಲ್ಲಿ ಮುದಿ ಗಂಡಹೆಂಡತಿಗೆ ನಾಲ್ಕು, ಜೊತೆಗೆ ಅವರ ನಾಯಿ. ನಾಯಿಯ ಗದ್ದ ಹಿಡಿದು ನೇರ ಮಾಡುವುದಕ್ಕೇ ನಾಲ್ಕು ಹೋಯಿತು! ನಾನು ಲೆಕ್ಕ ಹೇಳುತ್ತಲೇ ಇದ್ದೆ, ಕೇಳುವವರಾರು? ಮಂದಿ ಎದುರಿಗೆ ಇದ್ದಾಗ ಕೈ ಕಟ್ಟಿಕೊಂಡು ಕೂರುವುದು ಅವರ ಕಸುಬಿನಲ್ಲೇ ಇಲ್ಲ. ನಾಲ್ಕೂವರೆಗೆ ಉಳಿದದ್ದು ಒಂದೇ ಒಂದು.

ಸೂರ್ಯ ನಮ್ಮ ಬೆನ್ನ ಹಿಂದೆ ಅಡ್ಡಡ್ಡ ಜಾರಿ ಮರೆಯಾದ. ಎದುರು ದಂಡೆಯ ಹಿಮಬೆಟ್ಟಗಳು ಬೂದಿ ಬಣ್ಣಕ್ಕೆ ತಿರುಗಿದವು. ಆಯಿತು, ಡ್ರಾಯಿಂಗ್ ಮಾಸ್ತರರೇ ಗೆದ್ದರು ಎಂದು ನಾನು ಚಪಾತಿಯ ಡಬ್ಬಿ ಮುಚ್ಚತೊಡಗಿದೆ. ಹತ್ತು ನಿಮಿಷವಾಗಿರಬೇಕು. ಬೆಟ್ಟಗಳ ಮೇಲೆ, ಸೂರ್ಯನಿಲ್ಲದ ಆ ದಿಕ್ಕಿನಲ್ಲಿ, ಯಾರೋ ಒಳಗಿನಿಂದ ದೀಪ ಹಿಡಿದಂತೆ ಗುಲಾಬಿ ಏರಿತು. ಕೆಳಗೆ ನೀರು ಶಾಯಿಯಷ್ಟು ನೀಲಿ. ಆ ಗುಲಾಬಿಯ ನಡುವಿನಿಂದ, ಬೆಟ್ಟದ ಭುಜ ಹಿಡಿದುಕೊಂಡು, ತುಂಬು ಚಂದ್ರ ಎದ್ದ. ಹಂಸ ಮಾತ್ರ ಬರಲಿಲ್ಲ, ಬಾತುಕೋಳಿ ಬಂತು.

ಬೀಗಿತ್ತಿ ತಲೆ ಓರೆ ಮಾಡಿ ಚಂದ್ರನನ್ನೇ ನೋಡಿದರು. ಕೊನೆಗೆ, "ಮಾಸ್ತರನ್ನ ಕರಕೊಂಡ ಬರಬೇಕಾಗಿತ್ರಿ" ಎಂದರು.

ಬೇಗ ತೆಗೆಯಿರಿ, ಹೋಗಿಬಿಡುತ್ತೆ ಎಂದೆ. ಅವರು ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು. ಜಾಕೆಟ್ಟು ಬಿಚ್ಚಿದರು, ಆ ಕೊರೆಯುವ ಚಳಿಯಲ್ಲಿ! ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ನೀರಿನ ಅಂಚಿಗೆ ಹೋಗಿ ನಿಂತರು. ನಾನು ಬಗ್ಗಿ ಪೆಟ್ಟಿಗೆಯೊಳಗೆ ನೋಡಿದೆ. ಎಡ ಬಲವಾಗಿ, ಬಲ ಎಡವಾಗಿ, ಪುಟ್ಟ ಹೆಂಗಸೊಬ್ಬಳು ಒಂದು ಬದಿಗೆ ಸರಿದು ನಿಂತಿದ್ದಳು.

"ಮಧ್ಯಕ್ಕೆ ಬನ್ರೀ," ಎಂದೆ. "ಒಂದು ಪಕ್ಕ ಪೂರ್ತಿ ಖಾಲಿ ಇದೆ."

"ಇರ್ಲಿ ಬಿಡ್ರಿ ಬೀಗರ. ಬಲಕ್ಕ ಜಾಗ ಬಿಟ್ಟ ತೆಗೀರಿ. ಅವರು ಯಾವಾಗ್ಲೂ ಕ್ಯಾಮೆರಾದ ಹಿಂದನ ಇದ್ರು. ನಮ್ಮದು ಜೋಡಿ ಫೋಟೋ ಒಂದೂ ಇಲ್ರಿ."

ಕ್ಯಾಮೆರಾವನ್ನು ದಂಡೆಯ ಕಟ್ಟೆಯ ಮೇಲೆ ಒತ್ತಿ ಹಿಡಿದು, ಜೀವನದಲ್ಲಿ ಮೊದಲ ಸಲ "ಅಲಗಾಡಬೇಡಿ" ಎಂದು ನಾನು ಅವರಿಗೆ ಹೇಳಿದೆ. ಬೆಳಕು ಕಡಿಮೆ, ನಿಧಾನಕ್ಕೆ ಕ್ಲಿಕ್ ಆಗುತ್ತದೆ ಎಂದು ಮೊದಲೇ ಹೇಳಿಕೊಟ್ಟಿದ್ದರು. ಗುಂಡಿ ಒತ್ತಿದೆ. ಸರಿಯಾಗಿ ಅದೇ ಗಳಿಗೆಗೆ ಗಾಳಿ ಬೀಸಬೇಕೇ? ನನ್ನ ಬೂದು ಶಾಲಿನ ತುದಿ ಹಾರಿ, ಕೆಳಗಿನ ಕಣ್ಣಿನ ಮುಂದೆ ಸುಳಿದುಹೋಯಿತು. ಮೇಲಿನ ಕಣ್ಣಿನಲ್ಲಿ ನೋಡುತ್ತಿದ್ದ ನನಗೆ ಎಲ್ಲ ಸರಿಯಾಗಿಯೇ ಕಂಡಿತ್ತು. ಶಾಲು ಕೈಗೆ ತಗುಲಿದಾಗಲೇ ತಿಳಿದದ್ದು. ಹೇಳಲು ಧೈರ್ಯ ಬರಲಿಲ್ಲ. ಹೇಳಿ ಮಾಡುವುದಾದರೂ ಏನು? ರೋಲು ಮುಗಿದಿತ್ತು, ಗುಲಾಬಿಯೂ ಮುಗಿದಿತ್ತು. ದಾರಿಯುದ್ದಕ್ಕೂ ಅವರು ನನಗೆ ಚಪಾತಿ ಹರಿದು ಹರಿದು ಕೊಟ್ಟರು. ಕನ್‌ಫೆಷನ್ ಎಂಬುದು ಎಷ್ಟು ಒಳ್ಳೆಯ ಪದ್ಧತಿ ಎಂದು ಆವತ್ತು ಅರ್ಥವಾಯಿತು.

ರೋಲನ್ನು ಅವರು ಊರಿಗೆ ಒಯ್ದರು. ಬೇರೆಯವರ ಕೈಗೆ ಕೊಡುವ ಜನವೇ ಅಲ್ಲ. ಎರಡು ತಿಂಗಳ ಮೇಲೆ, ನಾನೂ ಮೈಸೂರಿಗೆ ಮರಳಿದ ಮೇಲೆ, ಗದಗಿನಿಂದ ಒಂದು ಲಕೋಟೆ ಬಂತು. ಒಡೆಯುವುದಕ್ಕೇ ಅರ್ಧ ದಿನ ಹಿಡಿಯಿತು ನನಗೆ.

ಗುಲಾಬಿ ಬಂದಿತ್ತು. ಚಂದ್ರನೂ ಬಂದಿದ್ದ. ಬೀಗಿತ್ತಿ ಮದುಮಗಳ ಹಾಗೆ ಗದ್ದ ತುಸು ಕೆಳಗೆ ಮಾಡಿ ನಿಂತಿದ್ದರು. ಅವರ ಬಲಕ್ಕೆ, ಖಾಲಿ ಬಿಟ್ಟ ಜಾಗದಲ್ಲಿ, ನನ್ನ ಶಾಲು. ಉದ್ದಕ್ಕೆ, ಬೂದುಬಣ್ಣಕ್ಕೆ, ಮಸುಕಾಗಿ, ಮೇಲ್ತುದಿಯಲ್ಲಿ ಭುಜದ ಹಾಗೆ ಸ್ವಲ್ಪ ಇಳಿಜಾರಾಗಿ.

ಹಿಂದೆ ತಿರುಗಿಸಿದೆ. ಸ್ಟುಡಿಯೋದ ಮುದ್ರೆ, ಅದರ ಕೆಳಗೆ ಶಾಯಿಯಲ್ಲಿ ಅವರದೇ ದುಂಡಗಿನ ಅಕ್ಷರ:

"ಬೀಗರ, ಇವರು ಬಂದಾರ ನೋಡ್ರಿ. ಚಂದ್ರನ್ನ ಬಿಟ್ಟ ನಿಂತಾರ. ಊರ ಮಂದಿಗೆಲ್ಲಾ ಅಲಗಾಡಬ್ಯಾಡ್ರಿ ಅಂತಿದ್ರು, ತಾವ ಅಲಗಾಡ್ಯಾರ."