ಮಾವನ ಮಗನ ಕರಿಬೇವು

ನಲವತ್ತೇಳು ವರ್ಷದ ಬಾಳಿನಲ್ಲಿ ನಾನು ಮಾಡಿದ ಶಪಥಗಳು ಎರಡೇ. ಮೊದಲನೆಯದು ಹೊಟ್ಟೆ ಕರಗಿಸುವುದು. ಅದನ್ನು ಸದ್ಯಕ್ಕೆ ಮುಂದೂಡಲಾಗಿದೆ. ಎರಡನೆಯದನ್ನು ಕಳೆದ ಶ್ರಾವಣದ ಒಂದು ಶುಕ್ರವಾರ ಸಂಜೆ, ನಾಶಿಕ್‌ನ ನಮ್ಮ ಮನೆಯ ಹಿತ್ತಲಲ್ಲಿ, ಎಡಗೈಯಲ್ಲಿ ಚಹಾದ ಕಪ್ಪು ಹಿಡಿದು, ಬಲಗೈಯನ್ನು ಸೊಂಟದ ಮೇಲಿಟ್ಟು ಮಾಡಿದೆ.

"ಎಲೈ ಕರಿಬೇವೇ! ಭಾನುವಾರ ಸಂಜೆಯೊಳಗೆ ನಿನ್ನನ್ನು ಬೇರುಸಹಿತ ಕಿತ್ತೊಗೆಯದಿದ್ದರೆ ನನ್ನ ಹೆಸರು ಶಿವರಾಯನೇ ಅಲ್ಲ!"

ಕರಿಬೇವು ಗಾಳಿಗೆ ಸ್ವಲ್ಪ ತಲೆಯಾಡಿಸಿತು. ಅದೂ ನನಗೆ ಅವಮಾನವೆಂದೇ ಅನಿಸಿತು.

ಒಂದು ಒಗ್ಗರಣೆ ಸೊಪ್ಪಿನ ಮೇಲೆ ಇಷ್ಟು ಹಗೆಯೇ ಎಂದು ನೀವು ಕೇಳಬಹುದು. ಅದು ಬರೀ ಗಿಡವಲ್ಲ ರೀ, ಶಶಿಕಾಂತ! ಶಶಿಕಾಂತ ಎಂದರೆ ನನ್ನ ಹೆಂಡತಿ ಅಲಕಾಳ ಸೋದರಮಾವನ ಮಗ. ನಮ್ಮ ಬೀದರ್ ಕಡೆ ಸೋದರಮಾವನ ಮಗ ಎಂದರೆ ಏನೆಂದು ಬಿಡಿಸಿ ಹೇಳಬೇಕೆ? ಹುಡುಗಿ ತೊಟ್ಟಿಲಲ್ಲಿರುವಾಗಲೇ "ಇಕಿ ನಮ್ಮ ಶಶೀಗೇ" ಎಂದು ಮಾತಾಗಿತ್ತು. ಅವನು ಡಿಪ್ಲೊಮಾದಲ್ಲಿ ಎರಡು ಸಲ ನಪಾಸಾದ, ಅಷ್ಟರಲ್ಲಿ ನನಗೆ ನಾಶಿಕ್‌ನ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು. ಅಲಕಾ ನನ್ನ ಪಾಲಿಗೆ ಬಂದಳು. ಗೆದ್ದವನು ನಾನು. ಆದರೆ ಇಪ್ಪತ್ತು ವರ್ಷದಿಂದ ಹೊಟ್ಟೆ ಉರಿಯುತ್ತಿರುವುದೂ ನನ್ನದೇ!

ಯಾಕೆಂದರೆ ಆ ನಪಾಸಾದವನು ಆಮೇಲೆ ಪಾಸಾಗುತ್ತಲೇ ಹೋದ. ಈಗ ಛತ್ರಪತಿ ಸಂಭಾಜಿನಗರದಲ್ಲಿ ಮನೆ, ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿ ಮ್ಯಾನೇಜರ್, ಮಾಳಿಗೆ ತೆರೆಯುವ ಕಾರು, ತಲೆ ತುಂಬ ಕೂದಲು. ಕೂದಲನ್ನಂತೂ ನಾನು ಎಂದಿಗೂ ಕ್ಷಮಿಸಲಾರೆ.

ಒಂಬತ್ತು ವರ್ಷದ ಹಿಂದೆ ನಮ್ಮ ಈ ಮನೆಯ ಗೃಹಪ್ರವೇಶಕ್ಕೆ ಬಂದವರೆಲ್ಲ ಮರ್ಯಾದೆಯಿಂದ ಗೋಡೆ ಗಡಿಯಾರ ಕೊಟ್ಟರು. ಒಟ್ಟು ಏಳು. ಇವನೊಬ್ಬ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗೇಣುದ್ದದ ಕರಿಬೇವಿನ ಸಸಿ ತಂದ! ಗಡಿಯಾರಗಳೆಲ್ಲ ನಿಂತುಹೋದವು. ಸಸಿ ಮಾತ್ರ ನನ್ನನ್ನೂ ಮೀರಿ ಬೆಳೆಯಿತು. ಅದೇ ವಾರ ನಾನೂ ಒಂದು ಗಿಡ ತಂದಿದ್ದೆ ರೀ. "ತಗೋ, ನಿನಗಂತ ತಂದೀನಿ" ಎಂದು ಅಲಕಾಳ ಕೈಗೇ ಕೊಟ್ಟಿದ್ದೆ. ಅದು ಎಲ್ಲಿ ಒಣಗಿ ಸತ್ತಿತೋ, ಯಾರಾದರೂ ಕೇಳಿದ್ದುಂಟೇ? ಅದು ಯಾವ ಗಿಡ ಎಂಬುದು ನನಗೇ ನೆನಪಿಲ್ಲ ಅನ್ನುವುದು ಬೇರೆ ಮಾತು.

ಆಮೇಲೆ ಶುರುವಾಯಿತು ನೋಡಿ ನನ್ನ ಸಂಕಟ. ತಿಂಗಳಿಗೊಮ್ಮೆ ಶಶಿಕಾಂತನ ಫೋನು: "ಅಲಕಾ, ಗಿಡ ಹ್ಯಾಂಗದ?"

"ಭಾಳ ಚಂದ ಅದ ಶಶಿ!"

ಭಾಲ್ಕಿಯಿಂದ ಅತ್ತೆ ಸುಶೀಲಾಬಾಯಿಯವರ ಫೋನು: "ನಮ್ಮ ಶಶಿ ಕೈ ಗುಣ ನೋಡ್ರಿ ಅಳಿಯಂದ್ರ!"

ಇನ್ನು ಅಲಕಾ? ಬೆಳಗೆದ್ದು ದೇವರ ಪೂಜೆಗಿಂತ ಮೊದಲು ಅದಕ್ಕೆ ನೀರು. ಬೇಸಿಗೆಯಲ್ಲಿ ಅದರ ಬುಡಕ್ಕೆ ಮಜ್ಜಿಗೆ, ನನಗೆ ಬರೀ ನೀರು! ಒಮ್ಮೆ ಅದರ ಎಲೆ ಸವರುತ್ತಾ, "ಮನಸಿಟ್ಟು ಕೊಟ್ಟ ಗಿಡ ನೋಡ್ರಿ, ಹಿಂಗೇ ಬೆಳೀತದ" ಎಂದು ನನ್ನ ಮುಖ ನೋಡಿ ನಕ್ಕಳು. ಇನ್ನೊಬ್ಬನ ಗಿಡ ಹೊಗಳಿ ಗಂಡನ ಮುಖ ನೋಡಿ ನಗುವ ಧೈರ್ಯವೇ! ಅಂದಿನಿಂದ ನಾನು ತಟ್ಟೆಯ ಅಂಚಿಗೆ ಕರಿಬೇವಿನ ಎಲೆಗಳನ್ನು ಎಣಿಸಿ ಎಣಿಸಿ ತೆಗೆದಿಡತೊಡಗಿದೆ.

ಈ ಸಲ ಪಂಚಮಿಗೆ ಅಲಕಾ ಭಾಲ್ಕಿಗೆ ಹೋದಳು. ಹದಿನಾರರ ಮಗಳು ಅಶ್ವಿನಿ ಕ್ಲಾಸು ತಪ್ಪುತ್ತದೆಂದು ನನ್ನ ಜೊತೆ ಉಳಿದಳು. ಶುಕ್ರವಾರ ಅಲಕಾ ಫೋನ್ ಮಾಡಿದಳು.

"ರೀ, ರೂಪಾ ತವರಿಗೆ ಹೋಗ್ಯಾಳ, ಶಶಿ ಒಬ್ಬನೇ ಬಂದಾನ. ರವಿವಾರ ನನ್ನ, ಅವ್ವನ್ನ ಅವನೇ ಕಾರಿನ್ಯಾಗ ಕರ್ಕೊಂಡ್ ಬರ್ತಾನ. ಸೋಮವಾರ ಎಲ್ಲಾರೂ ತ್ರ್ಯಂಬಕೇಶ್ವರಕ್ಕ ಹೋಗೂಣು. ಅವಗ ಗಿಡಾನೂ ನೋಡೂದದ ಅಂತ."

ರೂಪಾ ಅವನ ಹೆಂಡತಿ, ಒಳ್ಳೆಯ ಹೆಣ್ಣುಮಗಳು. ಆದರೆ ನನ್ನ ಹೊಟ್ಟೆಯ ಉರಿಗೆ ಅದು ಯಾವ ಲೆಕ್ಕ? ನನ್ನ ಹಿತ್ತಲಲ್ಲಿ ನಿಂತು, ನನ್ನ ಹೆಂಡತಿಯ ಎದುರು, ಕೂದಲು ಸರಿಮಾಡಿಕೊಳ್ಳುತ್ತಾ ಅವನು ಆ ಗಿಡ ನೋಡುವುದೆ? ಆಗಲೇ ನಾನು ಆ ಶಪಥ ಮಾಡಿದ್ದು. ನೆಪವೂ ಸಿದ್ಧವಾಗಿತ್ತು: ಜೋರು ಗಾಳಿ ಬಂತು, ಗಿಡ ಬಿತ್ತು. ಶ್ರಾವಣದ ಗಾಳಿಯನ್ನು ಸಾಕ್ಷಿಗೆ ಕರೆಯುವವರು ಯಾರು?

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ರತ್ನಾಕರ ಶೆಟ್ಟರ ಹತ್ತಿರ ಗರಗಸ ಕೇಳಿದೆ. ಶೆಟ್ಟರದು ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲು. ಗರಗಸ ಹಿಡಿದು ತಾವೇ ಬಂದರು.

"ಎಂಥದು ಶಿವರಾಯರೇ, ಇಷ್ಟು ಚಂದದ ಗಿಡ ಕಡಿಯುದಾ?"

"ಬೇರು ನೀರಿನ ಟಾಕಿಗೆ ಹೋಗ್ಲಾಕ ಹತ್ಯಾವ್ರಿ ಶೆಟ್ರ."

"ಕರಿಬೇವು ಕಡಿದ್ರೆ ಹೋಗುದಿಲ್ಲ ಮಾರಾಯ್ರೇ. ಒಂದು ಕಡಿದ್ರೆ ಹತ್ತು ಬರ್ತದೆ. ಆಯ್ತು, ನಿಮ್ಮಿಷ್ಟ. ಸೊಪ್ಪು ಮಾತ್ರ ನಮ್ಮ ಹೋಟೆಲಿಗೆ, ಆಯ್ತಾ?"

ಕಡಿಯಲು ಒಂದೂವರೆ ಗಂಟೆ ಹಿಡಿಯಿತು. ಗಿಡ ಬೀಳಬೇಕಾದ ಕಡೆ ಬೀಳದೆ ಬಟ್ಟೆ ಒಣಹಾಕುವ ತಂತಿಯ ಮೇಲೆ ಬಿತ್ತು. ನನ್ನ ಡ್ಯೂಟಿಯ ಐದು ಅಂಗಿಗಳು ಕೆಸರಿಗೆ ಬಿದ್ದವು. ಬೀಳಲಿ! ವೀರರು ಅಂಗಿಗೆ ಅಳುವುದಿಲ್ಲ. ಶೆಟ್ಟರ ಆಳುಗಳು ಟೆಂಪೋ ತುಂಬ ಸೊಪ್ಪು ಹೇರಿಕೊಂಡು ಹೋದರು. ಅಶ್ವಿನಿ ಮಾತ್ರ ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ಪಪ್ಪಾ, ಮಮ್ಮಿ ತುಲಾ ಸೋಡಣಾರ್ ನಾಹಿ!"

ಅಮ್ಮ ನಿನ್ನನ್ನು ಬಿಡುವುದಿಲ್ಲ ಎಂದು ಎಚ್ಚರಿಕೆ. ನಮ್ಮ ಮಗಳು ಬೈಸಿಕೊಳ್ಳುವುದು ಕನ್ನಡದಲ್ಲಿ, ಬೈಯುವುದು ಮರಾಠಿಯಲ್ಲಿ.

ಉಳಿದದ್ದು ಬೊಡ್ಡೆ. ಬೊಡ್ಡೆ ಎಂದರೆ ಏನು, ಒಂದು ಗೇಣು ಕಟ್ಟಿಗೆ ತಾನೆ ಅಂದುಕೊಂಡಿದ್ದೆ! ಗುದ್ದಲಿಯಿಂದ ಸುತ್ತ ಅಗೆದೆ. ಬೇರು ಕಾಣಿಸಿತು. ಅದನ್ನು ಹಿಡಿದು ಹೋದರೆ ಇನ್ನೊಂದು ಬೇರು, ಅದರ ಬೆನ್ನಿಗೆ ಮತ್ತೊಂದು. ಶಶಿಕಾಂತನ ಬಂಧುಬಳಗ! ಎರಡು ಕಿಲೋ ಉಪ್ಪು ಸುರಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಹೊಯ್ದೆ. ಬೊಡ್ಡೆ ಅಲ್ಲಾಡಲಿಲ್ಲ, ನನ್ನ ಪಾದ ಮಾತ್ರ ಸುಟ್ಟಿತು.

ಭಾನುವಾರ ಬೆಳಿಗ್ಗೆ ಬುದ್ಧಿಗೆ ಕೆಲಸ ಕೊಟ್ಟೆ. ನಮ್ಮ ಹನ್ನೆರಡು ವರ್ಷದ ಮಾರುತಿ ಕಾರನ್ನು ಹಿತ್ತಲಿನ ಗೇಟಿಗೆ ತಂದು, ಹಗ್ಗದ ಒಂದು ತುದಿ ಬೊಡ್ಡೆಗೂ ಇನ್ನೊಂದು ತುದಿ ಕಾರಿನ ಹಿಂಬದಿಯ ಬಂಪರಿಗೂ ಬಿಗಿದೆ. ದೇವರನ್ನು ನೆನೆದು ಆಕ್ಸಿಲರೇಟರ್ ತುಳಿದೆ. "ಫಟ್" ಎಂದು ದೊಡ್ಡ ಸದ್ದು! ಕಾರು ಮುಂದಕ್ಕೆ ಹಾರಿತು. "ಬಂತು! ಕಿತ್ತು ಬಂತು!" ಎಂದು ಕೂಗುತ್ತಾ ಇಳಿದೆ. ಕಿತ್ತು ಬಂದದ್ದು ಬಂಪರು.

ಹಾಗಾದರೆ ಹಾರೆಯೇ ಗತಿ! ನಾಲ್ಕು ಅಡಿಯ ಕಬ್ಬಿಣದ ಹಾರೆಯನ್ನು ತಲೆಯ ಮೇಲೆತ್ತಿ, ಶಶಿಕಾಂತನ ತಲೆಗೂದಲನ್ನು ಕಣ್ಣ ಮುಂದೆ ತಂದುಕೊಂಡು, ಗುಂಡಿಗೆ ಜಡಿದೆ. ಭೂಮಿಯಿಂದ ಗಂಗೆ ಚಿಮ್ಮಿದಳು! ಟಾಕಿಗೆ ಹೋಗುವ ನೀರಿನ ಪೈಪು ಒಡೆದಿತ್ತು. ಒಂಬತ್ತು ವರ್ಷದಲ್ಲಿ ಕರಿಬೇವು ಮಾಡದ ಅನಾಹುತವನ್ನು ನಾನು ಒಂದೇ ಏಟಿಗೆ ಮಾಡಿದ್ದೆ. ಪ್ಲಂಬರನಿಗೆ ಫೋನ್ ಮಾಡಿದರೆ, ಅವನು ಘೋಟಿಯಲ್ಲಿ ಮದುವೆ ಊಟಕ್ಕೆ ಕೂತಿದ್ದ. ಹಿತ್ತಲು ಭತ್ತದ ಗದ್ದೆಯಾಯಿತು. ಪೈಪಿಗೆ ನನ್ನ ಕೆಸರಂಗಿಗಳನ್ನೇ ಸುತ್ತಿ ಹಿಡಿದು ಕೂತೆ.

ಹೊರಗೆ ಕಾರಿನ ಹಾರ್ನು ಕೇಳಿದ್ದು ಆಗಲೇ. ಸಂಜೆ ಬರಬೇಕಾದವರು ಮಧ್ಯಾಹ್ನಕ್ಕೇ ಬಂದಿದ್ದರು! ಅಲಕಾ, ಅವಳ ಹಿಂದೆ ಉಂಡಿಯ ಡಬ್ಬಿ ಹಿಡಿದ ಅತ್ತೆ, ಅವರ ಹಿಂದೆ ಶಶಿಕಾಂತ. ಕೂದಲು ಇನ್ನೂ ಹೆಚ್ಚಾದಂತಿತ್ತು.

ಮೂವರೂ ಹಿತ್ತಲ ಬಾಗಿಲಲ್ಲಿ ನಿಂತರು. ನಾನು ಗುಂಡಿಯೊಳಗಿಂದಲೇ ಶುರು ಮಾಡಿದೆ. "ಏನ್ ಹೇಳ್ಲಿ ಅಲಕಾ! ನಿನ್ನೆ ಎಂಥಾ ಗಾಳಿ ಅಂತಿ! ಗಿಡ ಬಿದ್ದೇ ಹೋತು!"

ಶಶಿಕಾಂತ ಬಗ್ಗಿ ಬೊಡ್ಡೆ ನೋಡಿದ. "ಅಣ್ಣಾರ, ಗಾಳಿ ಗರಗಸ ಹಿಡ್ಕೊಂಡ್ ಬಂದಿತ್ತೇನ್ರಿ?"

"ಯಾಕ ಸುಳ್ಳ ಹೇಳ್ತೀರಿ?" ಅಲಕಾ ಮೆಲ್ಲಗೆ ಅಂದಳು. "ಅಶ್ವಿನಿ ನಿನ್ನೇನೇ ವಿಡಿಯೋ ಕಳಿಸ್ಯಾಳ. ಅದಕ್ಕೇ ಲಗೂ ಬಂದೀವಿ."

ಬೈಯುತ್ತಾಳೆ ಎಂದು ಕಾದೆ. ಬೈಗುಳಕ್ಕೆ ನನ್ನ ಬಳಿ ಇಪ್ಪತ್ತು ವರ್ಷದ ಅಭ್ಯಾಸವಿದೆ. ಆದರೆ ಅವಳು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣೀರು! ನನ್ನ ಅಪೆಂಡಿಕ್ಸ್ ಆಪರೇಷನ್ನಿಗೂ ಬಾರದ ಕಣ್ಣೀರು, ಶಶಿಕಾಂತನ ಕರಿಬೇವಿಗೆ! ಒಂಬತ್ತು ವರ್ಷದ ಉರಿ ಒಮ್ಮೆಲೇ ನೆತ್ತಿಗೇರಿತು.

"ಅವನ ಗಿಡದ ಮ್ಯಾಲ ಇಷ್ಟು ಜೀವ ಇದ್ರ, ಅವನ್ನೇ ಲಗ್ನಾ ಮಾಡ್ಕೋಬೇಕಿತ್ತು!"

ಅತ್ತೆಯವರ ಕೈಯಿಂದ ಡಬ್ಬಿ ಬಿತ್ತು. ಶೇಂಗಾ ಉಂಡಿಗಳು ಕೆಸರಿನಲ್ಲಿ ಉರುಳಿದವು. ಶಶಿಕಾಂತನ ಮುಖ ಸಣ್ಣದಾಯಿತು. ಅಂದ ಮೇಲೆ ನನಗೂ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು, ಆದರೆ ಮಾತು ಆಡಿದರೆ ಹೋಯಿತು.

ಅಲಕಾ ಎದ್ದು ನಿಂತಳು. "ಶಶಿ, ನೀ ಯಾಕ ಮೋತಿ ಸಣ್ಣ ಮಾಡ್ತಿ? ನಿನ್ನ ಗಿಡ ಅಲ್ಲ ಇದು. ನಿಂದು ವಾಸ್ತುಶಾಂತಿ ಆದ ಎಂಟೇ ದಿನಕ್ಕ ಸತ್ತಿತ್ತು."

"ಸತ್ತಿತ್ತಾ? ಒಂಬತ್ತು ವರ್ಷ ಚಂದ ಅದ, ಚಂದ ಅದ ಅಂತಿದ್ದಿ?"

"ಮತ್ತೇನ್ ಹೇಳ್ಲಿ? ವಾಸ್ತುಶಾಂತಿ ಗಿಡ ಸತ್ತದ ಅಂದ್ರ ಅವ್ವ ಅಪಶಕುನ ಅಂತ ಊಟ ಬಿಡ್ತಿದ್ಲು."

"ಹಂಗಾದ್ರ ಇದು?" ನಾನು ಗುಂಡಿಯಿಂದ ಕೇಳಿದೆ.

"ನಿಮ್ದು," ಅಂದಳು. "ನಿನಗಂತ ತಂದೀನಿ ಅಂತ ನನ್ನ ಕೈಯಾಗ ಕೊಟ್ಟಿದ್ರಲ್ಲ, ಅದು. ಅದೂ ಕರಿಬೇವೇ ಇತ್ತು. ಶಶಿ ಗಿಡ ಇದ್ದ ಜಾಗಾದಾಗೇ ಹಚ್ಚಿದ್ದೆ. ಇಪ್ಪತ್ತು ವರ್ಷದಾಗ ಕೇಳ್ದೇನೇ ನೀವು ತಂದು ಕೊಟ್ಟಿದ್ದು ಅದೊಂದೇ. ನಾ ಯಾವಾಗರ ಇದಕ್ಕ ಶಶಿ ಗಿಡ ಅಂದೀನೇನು? ನೆನಪ ಮಾಡ್ಕೋರಿ."

ನೆನಪು ಮಾಡಿಕೊಂಡೆ. ಖರೇ, ಒಮ್ಮೆಯೂ ಅಂದಿರಲಿಲ್ಲ. ಅಂದವರೆಲ್ಲ ಬೇರೆಯವರು, ಎಲ್ಲರಿಗಿಂತ ಹೆಚ್ಚು ಸಲ ಅಂದವನು ನಾನು.

"ನನಗಾದ್ರೂ ಹೇಳಬಾರದಿತ್ತಾ?"

"ನಿಮಗ ಹೇಳಿದ್ರ ಅವತ್ತೇ ಸಂಭಾಜಿನಗರಕ್ಕ ಫೋನ್ ಹಚ್ಚಿ, ನಿನ್ನ ಗಿಡ ಸತ್ತದ ಅಂತ ಹೇಳಿ, ಓಣಿ ತುಂಬ ಪೇಡೆ ಹಂಚ್ತಿದ್ರಿ!"

ಸುಳ್ಳಾಗಿದ್ದರೆ ಅಲ್ಲಗಳೆಯುತ್ತಿದ್ದೆ.

ಒಂಬತ್ತು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಮೇಲೆಯೇ! ತಟ್ಟೆಯ ಅಂಚಿಗೆ ಎಣಿಸಿ ಎಣಿಸಿ ತೆಗೆದಿಟ್ಟದ್ದು ನನ್ನದೇ ಎಲೆ! ನನಗೆ ಅಳು ಬರುವಂತಾಯಿತು, ಒಳಗೊಳಗೇ ಎದೆ ಉಬ್ಬಿತು ಕೂಡ. ಗುಂಡಿಯಿಂದ ಎದ್ದು, ಕೆಸರುಗೈಯನ್ನು ಎದೆಯ ಮೇಲಿಟ್ಟು, "ಅಲಕಾ, ಅವತ್ತು ಆ ಗಿಡ ನಾ ಎಷ್ಟು ಹುಡುಕಿ, ಎಷ್ಟು ಮನಸಿಟ್ಟು ತಂದಿದ್ದೆ ಗೊತ್ತದೇನು..." ಎಂದು ಶುರು ಮಾಡಿದೆ.

"ಪಪ್ಪಾ, ಹೇ ಕಾಯ್?" ಇದೇನು ಎನ್ನುತ್ತಾ ಅಶ್ವಿನಿ ಬೊಡ್ಡೆಯ ಬುಡದಿಂದ ಏನೋ ಹೆಕ್ಕಿದಳು. ತಂತಿ ಕಟ್ಟಿದ ಸಣ್ಣ ಅಲ್ಯೂಮಿನಿಯಂ ಬಿಲ್ಲೆ. ಕೆಸರು ಒರೆಸಿ ಗಟ್ಟಿಯಾಗಿ ಓದಿದಳು: "ಪರಿಸರ ದಿನ. ಪ್ರತಿ ಕಾರ್ಮಿಕನಿಗೆ ಉಚಿತ ಸಸಿ. ಟೋಕನ್ ನಂಬರ್ ನಾನೂರ ಹದಿನೇಳು."

ನಾನೂರ ಹದಿನೇಳು ಕಾರ್ಖಾನೆಯಲ್ಲಿ ನನ್ನ ಟೋಕನ್ ನಂಬರ್ರು. ಗೇಟಿನಲ್ಲಿ ಎಲ್ಲರ ಕೈಗೂ ತುರುಕಿದ್ದರು, ಬಿಸಾಡಲು ದಾರಿಯಲ್ಲಿ ಜಾಗ ಸಿಗದೆ ಮನೆಗೆ ತಂದಿದ್ದೆ. ಮತ್ತೆ ಗುಂಡಿಗೆ ಇಳಿಯಲು ಮನಸ್ಸಾಯಿತು.

"ಅದೂ ಗೊತ್ತದ ನನಗ," ಅಲಕಾ ಅಂದಳು. "ಅವತ್ತೇ ಓದಿದ್ದೆ. ಪುಕ್ಕಟ ಬಂದದ್ದಾದ್ರೂ ಮನೀತನಕ ತಂದ್ರಲ್ಲ ಅಂತ ಖುಷಿ ಪಟ್ಟಿದ್ದೆ."

ಆಮೇಲೆ ಶಶಿಕಾಂತ ಪ್ಯಾಂಟು ಮಡಚಿ ಗುಂಡಿಗೆ ಇಳಿದು, ಇಪ್ಪತ್ತೇ ನಿಮಿಷದಲ್ಲಿ ಪೈಪು ಸರಿಮಾಡಿದ. ಬಂಪರನ್ನೂ ತಂತಿ ಬಿಗಿದು ಕೂರಿಸಿದ. ಕೂದಲಿಗೆ ಒಂದು ಹನಿ ಕೆಸರೂ ತಾಗಲಿಲ್ಲ. ರಾತ್ರಿ ಅಡುಗೆಯಾಗದೆ ಶೆಟ್ಟರ ಹೋಟೆಲಿಗೆ ಹೋದೆವು. ಚಟ್ನಿ, ಸಾಂಬಾರು, ಉಪ್ಪಿಟ್ಟು, ಎಲ್ಲದರಲ್ಲೂ ನನ್ನ ಕರಿಬೇವು. ಒಂದೆಲೆಯನ್ನೂ ತೆಗೆದಿಡದೆ ತಿಂದೆ. ಊರವರೂ ತಿನ್ನುತ್ತಿದ್ದರು.

ಶೆಟ್ಟರ ಮಾತು ಸುಳ್ಳಾಗಲಿಲ್ಲ. ತಿಂಗಳೊಳಗೆ ಹಿತ್ತಲ ತುಂಬ ಹನ್ನೊಂದು ಮರಿಗಳು ಎದ್ದವು. ಈಗ ಬೆಳಗೆದ್ದು ಅವಕ್ಕೆಲ್ಲ ನೀರು ಹಾಕುವವನು ನಾನೇ. ದಸರೆಗೆ ಬಂದಾಗ ಶಶಿಕಾಂತ ಒಂದು ಮರಿ ಕೇಳಿದ. ಬೇರು ಕಡಿಯದಂತೆ ಅಗೆದು, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದೊಡ್ಡ ಮನಸ್ಸಿನಿಂದ ಕೊಟ್ಟೆ. ಅವನ ಅಂಗಳದಲ್ಲಿ ನನ್ನ ಗಿಡ! ರೂಪಾ ದಿನಾ ಒಗ್ಗರಣೆಗೆ ಅದನ್ನು ಹಾಕುತ್ತಾ, "ಶಿವರಾಯಣ್ಣಾರ ಕೈ ಗುಣ ನೋಡ್ರಿ" ಎಂದು ಹೊಗಳಬೇಕು, ಶಶಿಕಾಂತ ಎಲೆ ಎಣಿಸಿ ತಟ್ಟೆಯ ಅಂಚಿಗೆ ಇಡಬೇಕು. ಎಂಥ ನ್ಯಾಯ!

ಅಂದಿನಿಂದ ವಾರಕ್ಕೊಮ್ಮೆ ನಾನೇ ಫೋನ್ ಮಾಡುತ್ತೇನೆ. "ಶಶಿಕಾಂತ, ನನ್ನ ಗಿಡ ಹ್ಯಾಂಗದಪಾ?"

"ಭಾಳ ಚಂದ ಅದರಿ ಅಣ್ಣಾರ!"

ಮೊನ್ನೆ ಹಾಗೆ ಕೇಳಿ, ಫೋನ್ ಇಟ್ಟು, ಮೀಸೆ ತಿರುವುತ್ತಾ ಅಲಕಾಳಿಗೆ ಹೇಳಿದೆ. "ಕೇಳಿದ್ಯಾ? ನನ್ನ ಗಿಡ ಭಾಳ ಚಂದ ಅದ ಅಂತ!"

ಅವಳು ಚಹಾ ಸೋಸುತ್ತಿದ್ದವಳು ತಲೆ ಎತ್ತಲೂ ಇಲ್ಲ.

"ಒಂಬತ್ತು ವರ್ಷ ನಾನೂ ಅವಗ ಹಂಗೇ ಹೇಳೀನಿ."