ಮೈನಸ್ ಮೂವತ್ತರ ಪೊರೆ

ತಪ್ಪು ಅಷ್ಟೇನೂ ದೊಡ್ಡದಲ್ಲ. ಜಲಜನಕದಿಂದ ವಿದ್ಯುತ್ತು ಮಾಡುವ ಇಂಧನಕೋಶದ ಪೊರೆಯ ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ ಅಂಟಿರುತ್ತದೆ. ನೋಡಲು ಎರಡೂ ಅವಳಿಜವಳಿ. ಪ್ರಯೋಗಾಲಯದವರೆಲ್ಲ 'ಚಳಿರಾಯ' ಎಂದು ಕರೆಯುವ ನಮ್ಮ ತಂತ್ರಜ್ಞ ಬೆಳಿಗ್ಗೆ ಪೊರೆಯನ್ನು ಕಸದ ಬುಟ್ಟಿಗೆಸೆದು, ಹೊದಿಕೆಯನ್ನು ಜೋಪಾನವಾಗಿ ಶೀತಪೆಟ್ಟಿಗೆಯೊಳಗೆ ಬಿಗಿದ.

ಆ ಪೊರೆ ಅವನ ಹೆಂಡತಿ ಕೈಯಾರೆ ಮಾಡಿದ್ದು. ಅವಳದು ಅಲ್ಲೇ ಪಕ್ಕದ ಮೇಜು. ಎರಡು ತಿಂಗಳ ಹಿಂದೆ ತೀರಿಕೊಂಡಳು. ಉಳಿದದ್ದು ಅಂಗೈಯಗಲದ ಈ ಒಂದೇ ತುಂಡು.

"ಎಷ್ಟೇ ಚಳಿಯಾದ್ರೂ ಎಲ್ಲಾ ನೀರೂ ಹೆಪ್ಪುಗಟ್ಟಲ್ಲ ಕಣ್ರೀ. ಪೊರೆಯ ಸಣ್ಣ ರಂಧ್ರಗಳ ಗೋಡೆಗೆ ಅಂಟ್ಕೊಂಡಿರೋ ನೀರು ಹಾಗೇ ಉಳಿಯತ್ತೆ. ಪ್ರೋಟಾನು ಅದ್ರಲ್ಲೇ ದಾಟತ್ತೆ," ಎನ್ನುತ್ತಿದ್ದಳು.

ಇವತ್ತು ಮೈನಸ್ ಮೂವತ್ತು ಡಿಗ್ರಿಯಲ್ಲಿ ಪ್ರೋಟಾನು ದಾಟದಿದ್ದರೆ ಅವಳ ಯೋಜನೆ ಮುಚ್ಚಿ, ಮೇಜು ಖಾಲಿ ಮಾಡಿಸುವುದೆಂದು ನಿರ್ದೇಶಕರು ಹೇಳಿಬಿಟ್ಟಿದ್ದರು.

ಪ್ರೋಟಾನು ದಾಟುವುದನ್ನು ಅಳೆಯುವ ಮೀಟರು ಸೊನ್ನೆ ತೋರಿಸಿತು. ಸಹೋದ್ಯೋಗಿಗಳು ನೊಣದಂತೆ ಮುತ್ತಿದರು. ಒಬ್ಬ ಮೀಟರಿನ ತಲೆಗೆ ಮೊಟಕಿದ, ಇನ್ನೊಬ್ಬ ತಂತಿ ಜಗ್ಗಿದ.

"ಸ್ವಲ್ಪ ಬಿಸಿ ಮಾಡಿ ನೋಡಪ್ಪಾ," ಎಂದರು ಗುಮಾಸ್ತರು.

"ಚಳಿ ಪರೀಕ್ಷೆ ಸ್ವಾಮಿ ಇದು!" ಎಂದ ಚಳಿರಾಯ.

ಎಲ್ಲರನ್ನೂ ಓಡಿಸಿ ಪೆಟ್ಟಿಗೆ ಬಿಚ್ಚಿದಾಗ ಚಳಿರಾಯನ ಜೀವ ಬಾಯಿಗೆ ಬಂತು. ಒಳಗಿದ್ದದ್ದು ಬರೀ ಹೊದಿಕೆ! ನೋಡಿದರೆ ಬುಟ್ಟಿ ಖಾಲಿ. ಮಹಡಿಯಲ್ಲಿದ್ದ ಬುಟ್ಟಿಗಳನ್ನೆಲ್ಲ ತಂದು ನೆಲಕ್ಕೆ ಸುರಿದು, ಕೋಳಿಯಂತೆ ಕೆದಕತೊಡಗಿದ. ದುಃಖ ಉಮ್ಮಳಿಸಿ ಬಂತು. ಉಗ್ರಾಣದವನೂ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹುಡುಕಿದ.

"ಅಣ್ಣಾ, ಸಿಕ್ತು!" ಎಂದು ಕೊನೆಗೆ ಅವನೇ ಕೂಗಿದ.

ಮಧ್ಯಾಹ್ನವಿಡೀ ಅದನ್ನು ನೀರಲ್ಲಿ ನೆನೆಸಿ, ಬಿಗಿದು, ಸಂಜೆ ಹೊತ್ತಿಗೆ ಮೈನಸ್ ಮೂವತ್ತಕ್ಕಿಳಿಸಿದರು. ಮೀಟರಿನ ಅಂಕಿ ಸರಸರ ಏರಿತು.

"ಹೊರದೇಶದಿಂದ ತರಿಸೋ ದುಬಾರಿ ಪೊರೆಗೆ ಸರಿಸಮ ಕಣ್ರೀ!" ನಿರ್ದೇಶಕರು ಬೆನ್ನು ತಟ್ಟಿದರು. "ಮೇಡಂ ಯೋಜನೆ ಮುಚ್ಚಲ್ಲ ಬಿಡಿ."

ಎಲ್ಲರೂ ಹೋದಮೇಲೆ ಚಳಿರಾಯ ಅವಳ ಕುರ್ಚಿಯಲ್ಲಿ ಕೂತು ಮನಸಾರೆ ಅತ್ತ. ಉಗ್ರಾಣದವನು ಮಾತ್ರ ಹೋಗಿರಲಿಲ್ಲ.

"ಅಣ್ಣಾ, ಬೈಬೇಡಿ. ಆ ಪೊರೆ ಹೊರದೇಶದಿಂದ ತರಿಸಿದ್ದೇ. ನನ್ನ ಕಪಾಟಿನದು. ಅತ್ತಿಗೇದು ಬೆಳಿಗ್ಗೇನೇ ಕಸದ ಗಾಡೀಲಿ ಹೋಯ್ತು. ನಿಮ್ಮ ಮುಖ ನೋಡೋಕಾಗ್ಲಿಲ್ಲ, ಅದಕ್ಕೇ…"

ಚಳಿರಾಯ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಮತ್ತೆ ನಿರ್ದೇಶಕರ ತಲೆ.

"ಅಂದಹಾಗೆ, ಇಂಥವೇ ಇನ್ನೂ ಹತ್ತು ಬೇಕು. ಮಾಡೋ ವಿಧಾನ ಮೇಡಂ ನಿಮಗೆ ಹೇಳಿರ್ತಾರಲ್ಲ?"

ಚಳಿರಾಯ ಪಕ್ಕದ ಗೋಡೆಗೆ ತೂಗುಹಾಕಿದ್ದ ಅವಳ ಬಿಳಿ ಕೋಟು ನೋಡಿದ.

"ಹೇಳಿದಾಳೆ ಸಾರ್," ಎಂದ.

ಅವಳು ಹೇಳಿರಲಿಲ್ಲ. ಅವಳ ಪೊರೆ ಆ ಚಳಿಯಲ್ಲಿ ಪ್ರೋಟಾನು ದಾಟಿಸುತ್ತಿತ್ತೋ ಇಲ್ಲವೋ, ಅದೂ ಇನ್ನು ಅವನಿಗೆ ತಿಳಿಯುವಂತಿರಲಿಲ್ಲ.